ಕುಡಿಯುವ ನೀರಿನಲ್ಲಿ ವಾಸನೆ, ಚೂರು, ಸೀಸ: ದೋಷ ಪೈಪಿನದೋ ನೀರಿನದೋ ಪತ್ತೆ ಹಚ್ಚುವ ಕ್ರಮ

ಅಡುಗೆಮನೆ ನಲ್ಲಿಯ ನೀರು ಪ್ಲಾಸ್ಟಿಕ್ ವಾಸನೆ ಹೊಡೆದರೆ ಮೊದಲ ಅನುಮಾನ ಬೀಳುವುದು ಗೋಡೆಯೊಳಗಿನ ಪೈಪಿನ ಮೇಲೆ. ಲೈನ್ ಪೂರ್ತಿ ಬದಲಿಸಬೇಕು ಎಂಬ ಸಲಹೆ ಬರುತ್ತದೆ, ಟೈಲ್ಸ್ ಒಡೆಯುತ್ತಾರೆ, ಸಾವಿರಾರು ರೂಪಾಯಿ ಖರ್ಚಾಗುತ್ತದೆ. ಎಷ್ಟೋ ಮನೆಗಳಲ್ಲಿ ಆಮೇಲೂ ವಾಸನೆ ಹಾಗೇ ಉಳಿಯುತ್ತದೆ. ಏಕೆಂದರೆ ದೋಷ ಇದ್ದದ್ದು ಸಿಂಕಿನ ಕೆಳಗಿನ ಒಂದೂವರೆ ಅಡಿ ಕನೆಕ್ಷನ್ ಪೈಪಿನಲ್ಲಿ, ಇಲ್ಲವೇ ಟ್ಯಾಂಕರ್‌ನವರು ಸಂಪಿಗೆ ಇಳಿಬಿಟ್ಟ ರಬ್ಬರ್ ಹೋಸ್‌ನಲ್ಲಿ.

ಸರಿಯಾದ ದರ್ಜೆಯ ಪೈಪ್, ಅಂಟಿಸುವ ಕಡೆ ಅದಕ್ಕೆ ಹೊಂದುವ ಗಮ್ (ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟ್), ಮಿತಿಯೊಳಗಿನ ಶಾಖ, ಈ ಮೂರೂ ಇದ್ದರೆ ಯುಪಿವಿಸಿ, ಸಿಪಿವಿಸಿ, ಪಿಪಿಆರ್, ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪುಗಳೆಲ್ಲವೂ ಕುಡಿಯುವ ನೀರಿಗೆ ಯೋಗ್ಯವೇ. ಇವುಗಳಲ್ಲಿ ಒಂದು ತಪ್ಪಿದಾಗ ತೊಂದರೆ ಶುರುವಾಗುತ್ತದೆ. ಪೈಪಿಗೆ ಜೋಡಿಸಿದ ಹಿತ್ತಾಳೆ, ರಬ್ಬರ್, ದಾರ, ಪೇಸ್ಟುಗಳಿಂದಲೂ ಬರುತ್ತದೆ. ಆದ್ದರಿಂದ ಗೋಡೆ ಒಡೆಯುವ ಮೊದಲು ನೀರನ್ನು ಹಂತ ಹಂತವಾಗಿ ಹಿಡಿದು ನೋಡಬೇಕು.

ಪರೀಕ್ಷೆಗೆ ಕಾಯದೆ ಕುಡಿಯುವುದನ್ನು ನಿಲ್ಲಿಸಬೇಕಾದ ಸಂದರ್ಭಗಳು

ನೀರಿಗೆ ಪೆಟ್ರೋಲ್, ಸೀಮೆಎಣ್ಣೆ ಅಥವಾ ಕೀಟನಾಶಕದ ವಾಸನೆ ಇದ್ದರೆ ಕುಡಿಯಬೇಡಿ. ಕುದಿಸಿಯೂ ಕುಡಿಯಬೇಡಿ. ಕುದಿಸಿದಾಗ ಆ ಆವಿ ಅಡುಗೆಮನೆಯನ್ನೇ ತುಂಬಿಕೊಳ್ಳುತ್ತದೆ. ಚರಂಡಿ ವಾಸನೆ ಇದ್ದರೆ, ಅಥವಾ ಮನೆಯಲ್ಲಿ ಒಟ್ಟೊಟ್ಟಿಗೆ ಇಬ್ಬರು ಮೂವರಿಗೆ ವಾಂತಿ ಭೇದಿ ಆಗಿದ್ದರೆ, ಆ ನೀರನ್ನು ಕುಡಿಯಲು ಮಾತ್ರವಲ್ಲ, ಹಲ್ಲುಜ್ಜಲು, ತರಕಾರಿ ತೊಳೆಯಲೂ ಬಳಸಬೇಡಿ.

ಮನೆಯಲ್ಲೋ ಪಕ್ಕದಲ್ಲೋ ಬೆಂಕಿ ಬಿದ್ದು ಪೈಪ್ ಕರಗಿದ್ದರೆ ಅಥವಾ ಸುಟ್ಟಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಲ್ಲಿ 2017ರಲ್ಲಿ, ಪ್ಯಾರಡೈಸ್ ಊರಿನಲ್ಲಿ 2018ರಲ್ಲಿ ಕಾಳ್ಗಿಚ್ಚಿನ ನಂತರ ನಲ್ಲಿ ನೀರಿನಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಸಿಕ್ಕಿತ್ತು. ಶಾಖಕ್ಕೆ ಸಿಕ್ಕ ಪ್ಲಾಸ್ಟಿಕ್ ಪೈಪುಗಳು ಅದಕ್ಕೆ ಒಂದು ಕಾರಣ ಎಂದು ಗುರುತಿಸಲಾಯಿತು. ಹೊರಗಿನಿಂದ ಸ್ವಲ್ಪ ಕಪ್ಪಾಗಿದೆ ಅಷ್ಟೇ ಎಂದು ಹಾಗೇ ಬಿಡುವ ವಿಷಯವಲ್ಲ ಇದು.

ಬೇಕಾಗುವ ಸಾಮಾನು

ಮುಚ್ಚಳವಿರುವ ಒಂದು ಲೀಟರ್‌ನ ಐದು ಗಾಜಿನ ಬಾಟಲಿ, ಅಳತೆ ಗುರುತಿರುವ ಬಕೆಟ್, ಬಿಳಿ ಹತ್ತಿ ಬಟ್ಟೆ, ಬಿಳಿ ವಿನೆಗರ್ ಅಥವಾ ನಿಂಬೆರಸ, ನೀರು ಎಷ್ಟು ಆಮ್ಲೀಯ ಎಂದು ತಿಳಿಸುವ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಕಿಟ್, ಉಳಿಕೆ ಕ್ಲೋರಿನ್ ನೋಡುವ ಕಿಟ್, ಒಂದು ಟಿಡಿಎಸ್ ಮೀಟರ್. ಟಿಡಿಎಸ್ ಮೀಟರ್ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅಂದಾಜಿಸುತ್ತದೆ, ಅಷ್ಟೇ. ಸೀಸ, ಥಿನ್ನರ್, ಬ್ಯಾಕ್ಟೀರಿಯಾ ಯಾವುದೂ ಅದಕ್ಕೆ ಕಾಣುವುದಿಲ್ಲ. 80 ಎಂದು ತೋರಿಸಿದ ನೀರಿನಲ್ಲಿ ಮಿತಿಗಿಂತ ಹಲವು ಪಟ್ಟು ಸೀಸ ಇರಬಹುದು. ಮೀಟರ್ ತೋರಿಸಿ ನೀರು ಶುದ್ಧ ಎಂದು ಹೇಳುವವರನ್ನು ನಂಬಬೇಡಿ.

ಮೊದಲ ಕೆಲಸ: ನಾಲ್ಕು ಕಡೆ ನೀರು ಹಿಡಿಯುವುದು

ಬೀದಿಯ ಲೈನಿನಿಂದ ಅಥವಾ ಬೋರ್‌ವೆಲ್‌ನಿಂದ ಬಂದ ನೀರು ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರ್ ಮೂಲಕ ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನಿಂದ ನಲ್ಲಿಗೆ ಇಳಿಯುತ್ತದೆ. ಹಾಗಾಗಿ ಮೂಲದಲ್ಲಿ, ಸಂಪಿನಲ್ಲಿ, ಟ್ಯಾಂಕಿನಲ್ಲಿ, ನಲ್ಲಿಯಲ್ಲಿ ಒಂದೊಂದು ಬಾಟಲಿ ಹಿಡಿಯಿರಿ. ನಲ್ಲಿಯಲ್ಲಿ ಮಾತ್ರ ಎರಡು ಬಾಟಲಿ ಬೇಕು: ರಾತ್ರಿಯಿಡೀ ನಿಂತ ನೀರಿನ ಮೊದಲ ಲೀಟರ್ ಒಂದು, ಪೈಪನ್ನು ಪೂರ್ತಿ ಖಾಲಿ ಮಾಡಿದ ಮೇಲಿನದು ಇನ್ನೊಂದು.

ಪೂರ್ತಿ ಖಾಲಿ ಮಾಡುವುದು ಎಂದರೆ ಎಷ್ಟು ನೀರು ಬಿಡಬೇಕು? ಅಂದಾಜಿನಲ್ಲಿ ಬಿಡಬೇಡಿ, ಲೆಕ್ಕ ಹಾಕಿ. ಅರ್ಧ ಇಂಚಿನ ಸಿಪಿವಿಸಿ ಪೈಪ್ ಒಂದು ಮೀಟರ್‌ಗೆ ಸುಮಾರು 0.12 ಲೀಟರ್ ಹಿಡಿಯುತ್ತದೆ, ಮುಕ್ಕಾಲು ಇಂಚು 0.25 ಲೀಟರ್, ಒಂದು ಇಂಚು 0.43 ಲೀಟರ್. ಟ್ಯಾಂಕಿನಿಂದ 12 ಮೀಟರ್ ಒಂದಿಂಚು, 8 ಮೀಟರ್ ಮುಕ್ಕಾಲಿಂಚು, 3 ಮೀಟರ್ ಅರ್ಧ ಇಂಚು ಇದ್ದರೆ ಒಳಗಿರುವ ನೀರು ಸುಮಾರು 7.5 ಲೀಟರ್. ಅದರ ಮೂರು ಪಟ್ಟು, ಅಂದರೆ ಒಂದು ದೊಡ್ಡ ಬಕೆಟ್‌ಗಿಂತ ಸ್ವಲ್ಪ ಹೆಚ್ಚು ಬಿಟ್ಟರೆ ಟ್ಯಾಂಕಿನ ಹೊಸ ನೀರು ನಲ್ಲಿಗೆ ತಲುಪಿರುತ್ತದೆ. ಬಿಟ್ಟ ನೀರನ್ನು ನೆಲ ಒರೆಸಲು, ಫ್ಲಶ್‌ಗೆ ಇಟ್ಟುಕೊಳ್ಳಿ.

ಈಗ ಹೋಲಿಸಿ. ಮೂಲದಲ್ಲೇ ದೋಷ ಕಂಡರೆ ಮನೆಯ ಪೈಪ್ ನಿರಪರಾಧಿ. ಸಂಪಿನಲ್ಲಿ ಇಲ್ಲ, ಟ್ಯಾಂಕಿನಲ್ಲಿ ಇದೆ ಎಂದರೆ ಟ್ಯಾಂಕ್, ಅದರ ಫ್ಲೋಟ್ ವಾಲ್ವ್, ಮೇಲೆ ಹೋಗುವ ಪೈಪ್ ನೋಡಬೇಕು. ಟ್ಯಾಂಕ್ ನೀರು ಚೆನ್ನಾಗಿದ್ದು ನಲ್ಲಿಯ ಮೊದಲ ಲೀಟರ್ ಮಾತ್ರ ಕೆಟ್ಟಿದ್ದರೆ ದೋಷ ನಲ್ಲಿಗೆ ತೀರ ಹತ್ತಿರದಲ್ಲಿದೆ, ನಲ್ಲಿಯಿಂದ ಸುಮಾರು 8 ಮೀಟರ್ ಅರ್ಧ ಇಂಚಿನ ಪೈಪಿನೊಳಗೆ. ಮೊದಲ ಲೀಟರೂ ಕೊನೆಯ ಲೀಟರೂ ಒಂದೇ ತರ ಕೆಟ್ಟಿದ್ದು ಟ್ಯಾಂಕ್ ಮಾತ್ರ ಶುದ್ಧವಾಗಿದ್ದರೆ ಉದ್ದಕ್ಕೂ ಇರುವ ಪೈಪ್, ಅಥವಾ ಮಧ್ಯೆ ಬೇರೆ ನೀರು ಸೇರಿಕೊಳ್ಳುತ್ತಿರುವ ಜಾಗ.

ಬೇರೆ ನೀರು ಸೇರುವುದನ್ನು ಹಿಡಿಯಲು ಟಿಡಿಎಸ್ ಮೀಟರ್ ನಿಜಕ್ಕೂ ಒದಗುತ್ತದೆ. ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾವೇರಿ ಲೈನೂ ಬೋರ್‌ವೆಲ್ ಲೈನೂ ಒಂದು ಬಾಲ್ ವಾಲ್ವ್ ಮಧ್ಯೆ ಇಟ್ಟು ಜೋಡಿಸಿರುತ್ತಾರೆ. ವಾಲ್ವ್ ಸವೆದರೆ ಎರಡೂ ಬೆರೆಯುತ್ತವೆ. ಕಾವೇರಿ ನೀರಿನ ಟಿಡಿಎಸ್ ಬೋರ್‌ವೆಲ್‌ಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಕಾವೇರಿ ಟ್ಯಾಂಕಿನಲ್ಲಿ ಒಂದು ಸಂಖ್ಯೆ, ಅದರದೇ ನಲ್ಲಿಯಲ್ಲಿ ಅದರ ಎರಡು ಪಟ್ಟು ಬಂದರೆ ಬೆರಕೆ ಖಚಿತ. ಹೊಸ ವಾಲ್ವ್ ಹಾಕುವುದು ತಾತ್ಕಾಲಿಕ. ಎರಡು ಲೈನುಗಳನ್ನು ಕತ್ತರಿಸಿ, ಎಂಡ್ ಕ್ಯಾಪ್ ಹಾಕಿ, ಬೇರೆಯಾಗಿಯೇ ಇಡುವುದು ಸರಿಯಾದ ದಾರಿ. ಸಂಸ್ಕರಿಸಿದ ನೀರನ್ನು ಫ್ಲಶ್‌ಗೆ ಬಳಸುವ ಅಪಾರ್ಟ್‌ಮೆಂಟುಗಳಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ.

ವಾಸನೆ

ಬಾಟಲಿ ಅರ್ಧ ತುಂಬಿಸಿ, ಮುಚ್ಚಿ, ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದ ಕೂಡಲೇ ಮೂಸಿ. ವಾಸನೆ ಅಸ್ಪಷ್ಟವಾಗಿದ್ದರೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಮೂಸಿ. ಪ್ಲಾಸ್ಟಿಕ್ ಬಾಟಲಿ ಬಳಸಬೇಡಿ, ಅದರದೇ ವಾಸನೆ ಸೇರಿಕೊಳ್ಳುತ್ತದೆ. ಇದನ್ನು ಮನೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಮಾಡಲಿ.

ಥಿನ್ನರ್ ಅಥವಾ ನೈಲ್ ಪಾಲಿಷ್ ತೆಗೆಯುವ ದ್ರವದಂಥ ವಾಸನೆ ಹೊಸ ಪ್ಲಂಬಿಂಗ್ ಮಾಡಿದ ಮನೆಯಲ್ಲಿ ಬರುತ್ತದೆ. ಇದು ಪೈಪಿನದಲ್ಲ, ಗಮ್‌ನದು. ಸಾಲ್ವೆಂಟ್ ಸಿಮೆಂಟ್‌ನಲ್ಲಿ ಟೆಟ್ರಾಹೈಡ್ರೋಫ್ಯೂರಾನ್, ಮೀಥೈಲ್ ಈಥೈಲ್ ಕೀಟೋನ್, ಸೈಕ್ಲೋಹೆಕ್ಸನೋನ್ ಮುಂತಾದ ದ್ರಾವಕಗಳಿರುತ್ತವೆ. ಅವು ಪೈಪಿನ ಮೇಲ್ಮೈಯನ್ನೂ ಫಿಟ್ಟಿಂಗಿನ ಒಳಮೈಯನ್ನೂ ಕರಗಿಸಿ ಒಂದು ಮಾಡುತ್ತವೆ, ಆಮೇಲೆ ನಿಧಾನವಾಗಿ ಆರಿಹೋಗುತ್ತವೆ. ಫಿಟ್ಟಿಂಗಿನ ಒಳಗೆ ಧಾರಾಳವಾಗಿ ಗಮ್ ಬಳಿದರೆ ಪೈಪ್ ತಳ್ಳಿದಾಗ ಅದು ಒಳಕ್ಕೆ ಜಾರಿ ಎಲ್ಬೋದ ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಂಥ ಗಂಟು ವಾರಗಟ್ಟಲೆ ದ್ರಾವಕ ಬಿಡುತ್ತಲೇ ಇರುತ್ತದೆ.

ಪರಿಹಾರ ಹೀಗೆ. ಲೈನ್ ತುಂಬಿಸಿ ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಲೆಕ್ಕದ ಮೂರು ಪಟ್ಟು ನೀರು ಬಿಡಿ. ದಿನಾ ಇದನ್ನೇ ಮಾಡಿ, ದಿನಾ ಮೂಸಿ ನೋಡಿ. ವಾಸನೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಎರಡು ವಾರವಾದರೂ ಇಳಿಯದಿದ್ದರೆ ಯಾವುದೋ ಜಾಯಿಂಟ್‌ನಲ್ಲಿ ಗಮ್ ಮಡುಗಟ್ಟಿದೆ. ಪ್ರತಿ ನಲ್ಲಿಯ ಮೊದಲ ನೀರನ್ನು ಹೋಲಿಸಿದರೆ ಯಾವ ಕವಲು ಎಂದು ಗೊತ್ತಾಗುತ್ತದೆ. ಅಲ್ಲಿನ ಎಲ್ಬೋ, ಟೀ ಕತ್ತರಿಸಿ ಹೊಸದು ಹಾಕಿಸಿ. ವಾಸನೆ ಪೂರ್ತಿ ಹೋಗುವವರೆಗೆ ಆ ನೀರನ್ನು ಕುಡಿಯಲು, ಮಗುವಿನ ಹಾಲು ಬೆರೆಸಲು ಬಳಸಬೇಡಿ.

ಪೆಟ್ರೋಲ್, ಡೀಸೆಲ್ ವಾಸನೆ ಬೇರೆಯೇ ಕತೆ. ಎಚ್‌ಡಿಪಿಇ ಮತ್ತು ಇತರ ಪಾಲಿಥೀನ್ ಪೈಪುಗಳ ಗೋಡೆಯನ್ನು ಪೆಟ್ರೋಲಿಯಂ ದ್ರವಗಳು ತೂತಿಲ್ಲದೆಯೇ ದಾಟಿ ಒಳಗೆ ಬರುತ್ತವೆ. ಜನರೇಟರ್ ಕೋಣೆ, ಗ್ಯಾರೇಜ್, ಬಣ್ಣದ ಗೋದಾಮಿನ ಪಕ್ಕದ ಮಣ್ಣಿನಲ್ಲಿ ಪೈಪ್ ಹಾದುಹೋಗಿದ್ದರೆ ಇದನ್ನೇ ಮೊದಲು ಅನುಮಾನಿಸಿ. ಗೆದ್ದಲಿಗೆ ಹೊಡೆಯುವ ಔಷಧದಲ್ಲೂ ಪೆಟ್ರೋಲಿಯಂ ದ್ರಾವಕ ಇರುವುದುಂಟು. ಅಡಿಪಾಯಕ್ಕೆ ಔಷಧ ಹಾಕಿಸಿದ ಮೇಲೆ ವಾಸನೆ ಶುರುವಾಗಿದ್ದರೆ ಕಾರಣ ಅಲ್ಲಿಯೇ ಇದೆ. ಎಷ್ಟು ನೀರು ಬಿಟ್ಟರೂ ಇದು ಹೋಗದು, ಮಣ್ಣು ಮತ್ತೆ ಮತ್ತೆ ಉಣಿಸುತ್ತಿರುತ್ತದೆ. ಆ ಪೈಪನ್ನು ತೆಗೆದು, ಬೇರೆ ಜಾಗದಿಂದ ಹೊಸ ಲೈನ್ ಎಳೆಯಬೇಕು. ಆ ಮಣ್ಣಿನಲ್ಲೇ ಹೋಗುವುದು ಅನಿವಾರ್ಯವಾದರೆ ಲೋಹದ ಪೈಪ್ ಹಾಕಿ. ಇಂಥ ಔಷಧ, ಎಣ್ಣೆ ತಾಗಿದ ಸಿಪಿವಿಸಿಗೆ ಇನ್ನೊಂದು ತೊಂದರೆ ಇದೆ: ಒತ್ತಡದಲ್ಲಿರುವಾಗ ಸಣ್ಣ ಬಿರುಕುಗಳು ಹುಟ್ಟಿ ಮುಂದೆ ಒಡೆಯುತ್ತದೆ.

ಆಸ್ಪತ್ರೆಯ ವಾಸನೆ, ಡೆಟಾಲ್‌ನಂಥ ವಾಸನೆ ಇದ್ದರೆ ರಬ್ಬರ್ ಮತ್ತು ಮೆದು ಹೋಸ್ ಪೈಪುಗಳನ್ನು ನೋಡಿ. ಅವುಗಳಿಂದ ಬಿಡುವ ಫೀನಾಲ್ ಜಾತಿಯ ವಸ್ತುಗಳು ನೀರಿನ ಕ್ಲೋರಿನ್ ಜೊತೆ ಸೇರಿದಾಗ ಅತಿ ಕಡಿಮೆ ಪ್ರಮಾಣದಲ್ಲೂ ಈ ವಾಸನೆ ಬರುತ್ತದೆ. ಗಿಡಕ್ಕೆ ನೀರು ಹಾಕುವ ಹಸಿರು ಹೋಸ್‌ನಲ್ಲೇ ಕುಡಿಯುವ ನೀರಿನ ಡ್ರಮ್ ತುಂಬಿಸುವುದು ನಮ್ಮಲ್ಲಿ ಮನೆಮನೆಯ ರೂಢಿ. ಆ ಹೋಸ್ ಗಟ್ಟಿ ಯುಪಿವಿಸಿ ಅಲ್ಲ. ಮೆದುವಾಗಲೆಂದೇ ಅದಕ್ಕೆ ಥ್ಯಾಲೇಟ್‌ನಂಥ ಪ್ಲಾಸ್ಟಿಸೈಜರ್ ಸೇರಿಸಿರುತ್ತಾರೆ, ಅದು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಬಿಸಿಲಿನಲ್ಲಿ ಬಿದ್ದ ಹೋಸ್‌ನ ಮೊದಲ ನೀರಂತೂ ಬಾಯಿಗೆ ಹಾಕುವಂಥದ್ದೇ ಅಲ್ಲ. ಗೋಡೆಯೊಳಗಿನ ಪೈಪಿನ ಬಗ್ಗೆ ಚಿಂತಿಸುವವರು ಮೊದಲು ಈ ಹೋಸನ್ನು ಬಿಡಬೇಕು. ಕುಡಿಯುವ ನೀರಿಗೆ ಆಹಾರ ದರ್ಜೆ ಎಂದು ಬರೆದಿರುವ ಹೋಸ್ ತಂದು, ಬಳಸಿದ ಮೇಲೆ ನೀರು ಬಸಿದು ನೆರಳಿನಲ್ಲಿ ಸುತ್ತಿಡಿ.

ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಪೈಪಿಗೂ ಅದಕ್ಕೂ ಸಂಬಂಧವಿಲ್ಲ. ಗೀಸರ್‌ನ ಮೆಗ್ನೀಸಿಯಂ ಆನೋಡ್ (ತುಕ್ಕು ತಡೆಯಲು ಒಳಗೆ ಇಡುವ ಸರಳು) ಮತ್ತು ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಸೇರಿ ಹೈಡ್ರೋಜನ್ ಸಲ್ಫೈಡ್ ಉಂಟುಮಾಡುತ್ತವೆ. ಮಣ್ಣಿನ, ಪಾಚಿಯ ವಾಸನೆ ಬಂದರೆ ಟ್ಯಾಂಕಿಗೆ ಬೆಳಕು ಬೀಳುತ್ತಿದೆ.

ಚೂರು ಮತ್ತು ಬಣ್ಣ

ನಲ್ಲಿಯ ಮೂತಿಯ ಜಾಲರಿ ಬಿಚ್ಚಿ, ಅದರಲ್ಲಿ ಸಿಕ್ಕಿದ್ದನ್ನು ಬಿಳಿ ಬಟ್ಟೆಯ ಮೇಲೆ ಹರಡಿ. ಬಿಳಿ ಚೂರಿನ ಮೇಲೆ ವಿನೆಗರ್ ಬಿಡಿ. ನೊರೆ ಬಂದು ಕರಗಿದರೆ ಅದು ನೀರಿನದೇ ಸುಣ್ಣ. ಕೋಲಾರ, ಚಿತ್ರದುರ್ಗ, ವಿಜಯಪುರದಂಥ ಕಡೆಯ ಗಡಸು ನೀರಿನಲ್ಲಿ ಇದು ಸಾಮಾನ್ಯ, ಗೀಸರ್ ಇದ್ದರೆ ಇನ್ನೂ ಹೆಚ್ಚು. ಕರಗದಿದ್ದರೆ ಲೋಟದ ನೀರಿನಲ್ಲಿ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಚೂರನ್ನು ಅದರಲ್ಲಿ ಅದ್ದಿ ಬಿಡಿ. ಮುಳುಗಿದರೆ ಯುಪಿವಿಸಿ ಅಥವಾ ಸಿಪಿವಿಸಿ. ಪೈಪ್ ಕೊಯ್ದಾಗಿನ ಗರಗಸದ ಹೊಟ್ಟು ಒಳಗೇ ಉಳಿದಿದೆ. ತೇಲಿದರೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್: ಟ್ಯಾಂಕ್ ಕೊರೆದಾಗಿನ ಚೂರು, ಪಿಪಿಆರ್ ಪೈಪ್, ಇಲ್ಲವೇ ಗೀಸರ್‌ನ ಒಳಗಿನ ಪ್ಲಾಸ್ಟಿಕ್ ನಳಿಕೆ ಪುಡಿಯಾಗುತ್ತಿದೆ.

ಕಪ್ಪು ಚೂರನ್ನು ಬೆರಳಲ್ಲಿ ಉಜ್ಜಿದಾಗ ಮಸಿಯಂತೆ ಹತ್ತಿದರೆ ರಬ್ಬರ್ ವಾಷರ್ ಅಥವಾ ಕನೆಕ್ಷನ್ ಪೈಪಿನ ಒಳ ಟ್ಯೂಬ್. ಕಾಳಿನಂತೆ ಗಟ್ಟಿಯಾಗಿದ್ದರೆ ಫಿಲ್ಟರಿನ ಇದ್ದಿಲು. ಹಿಡಿದಾಗ ತಿಳಿಯಾಗಿದ್ದು ನಿಂತ ಮೇಲೆ ಕೆಂಪಾಗುವ ನೀರಿನಲ್ಲಿ ಕರಗಿದ ಕಬ್ಬಿಣವಿದೆ, ಬೋರ್‌ವೆಲ್‌ನದು. ಬರುವಾಗಲೇ ಕೆಂಪಗಿದ್ದು ಬಿಟ್ಟಂತೆ ತಿಳಿಯಾದರೆ ಎಲ್ಲೋ ಮಧ್ಯೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ತುಂಡು ಉಳಿದಿದೆ. ಹಸಿರು ಲೋಳೆ ಕಂಡರೆ ಟೆರೇಸಿನ ಮೇಲಿನ ಬಿಳಿ ಪೈಪಿನ ಮೂಲಕ ಬೆಳಕು ಒಳಗೆ ಹೋಗಿ ಪಾಚಿ ಬೆಳೆಯುತ್ತಿದೆ. ಅಂಥ ಪೈಪಿಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವನ್ನು ಎರಡು ಕೋಟ್ ಹೊಡೆಯಿರಿ. ಎಣ್ಣೆ ಬಣ್ಣ ಬೇಡ, ಅದರ ಥಿನ್ನರ್ ಪ್ಲಾಸ್ಟಿಕ್ಕಿಗೆ ಆಗದು. ಬಿಸಿಲಿಗೆ ಹಳದಿ ತಿರುಗಿ, ಬೆರಳಿಗೆ ಹಿಟ್ಟಿನಂತೆ ಹತ್ತುವ ಪೈಪ್ ಪೆಡಸಾಗಿದೆ ಎಂದರ್ಥ. ಬಣ್ಣ ಹೊಡೆಯದೆ ಬದಲಿಸಿ.

ಸೀಸ: ಕಾಣದ, ರುಚಿಯಿಲ್ಲದ ದೋಷ

ಈ ಭಾಗವನ್ನು ಸಣ್ಣ ಮಕ್ಕಳು, ಗರ್ಭಿಣಿಯರು ಇರುವ ಮನೆಯವರು ತಪ್ಪದೆ ಓದಬೇಕು. ಪಿವಿಸಿಯನ್ನು ಕಾಯಿಸಿ ಪೈಪಿನ ಆಕಾರಕ್ಕೆ ತರುವಾಗ ಅದು ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡದಂತೆ ಸ್ಟೆಬಿಲೈಸರ್ ಸೇರಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಬಹಳ ಕಾಲ ಅಗ್ಗದ ಸೀಸದ ಲವಣಗಳೇ ಆ ಕೆಲಸ ಮಾಡಿದವು. ಪಿವಿಸಿ ಪೈಪು, ಫಿಟ್ಟಿಂಗುಗಳಲ್ಲಿ ಸೀಸದ ಸ್ಟೆಬಿಲೈಸರನ್ನು ತಡೆಯುವ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ್ದು 2021ರಲ್ಲಿ. ಕ್ಯಾಲ್ಸಿಯಂ-ಜಿಂಕ್ ಅಥವಾ ತವರದ ಸ್ಟೆಬಿಲೈಸರ್‌ಗಳು ಅದಕ್ಕೆ ಬದಲಿ. ಹಾಗಾಗಿ ಅದಕ್ಕಿಂತ ಹಳೆಯ ಬಿಳಿ ಅಥವಾ ಬೂದು ಪಿವಿಸಿ ಪೈಪ್ ಇದ್ದರೆ ಸೀಸ ಇದ್ದಿರಬಹುದು ಎಂದೇ ಹೊರಡಬೇಕು. ಕಣ್ಣಿನಿಂದ ಗುರುತಿಸಲು ಆಗದು.

ಇದ್ದ ಮಾತ್ರಕ್ಕೆ ನೀರಿಗೆ ಅಪಾಯದ ಮಟ್ಟದಲ್ಲಿ ಬರುತ್ತಿದೆ ಎಂದಲ್ಲ. ಒಳಮೈಯ ಸೀಸ ಹೊಸದರಲ್ಲಿ ಹೆಚ್ಚು ಬಿಟ್ಟು ಕ್ರಮೇಣ ಇಳಿಯುತ್ತದೆ. ಅದನ್ನು ಮತ್ತೆ ಹೆಚ್ಚಿಸುವುದು ಆಮ್ಲೀಯ ನೀರು, ಶಾಖ, ಮತ್ತು ಹೆಚ್ಚು ಹೊತ್ತು ನಿಲ್ಲುವಿಕೆ. ಇಲ್ಲಿ ಊರಿನ ನೀರೂ ಲೆಕ್ಕಕ್ಕೆ ಬರುತ್ತದೆ. ಬಯಲುಸೀಮೆಯ ಗಡಸು ನೀರು ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತದೆ, ಅದು ಒಂದು ಮಟ್ಟಿಗೆ ತಡೆ. ದಕ್ಷಿಣ ಕನ್ನಡ, ಉಡುಪಿಯ ಮುರಕಲ್ಲಿನ ಬಾವಿಗಳಲ್ಲಿ ನೀರು ಮೆದು, ಪಿಎಚ್ 6.5ಕ್ಕಿಂತ ಕೆಳಗಿರುವುದು ಅಪರೂಪವಲ್ಲ. ಅದೇ ಪೈಪ್, ಅದೇ ನಲ್ಲಿ ಇದ್ದರೂ ಅಲ್ಲಿ ಲೋಹ ಕರಗುವ ಸಾಧ್ಯತೆ ಹೆಚ್ಚು. ಕರಾವಳಿಯ ಬಾವಿ ನೀರಿನವರು ಪಿಎಚ್ ಮೊದಲು ನೋಡಿ.

ಪೈಪನ್ನು ಮಾತ್ರ ನೋಡಿದರೆ ಸಾಲದು. ಹಿತ್ತಾಳೆ ನಲ್ಲಿ, ವಾಲ್ವ್, ಸಿಪಿವಿಸಿ ಫಿಟ್ಟಿಂಗಿನೊಳಗಿನ ಹಿತ್ತಾಳೆ ಥ್ರೆಡ್ ಇವುಗಳಲ್ಲೂ ಸೀಸ ಇರಬಹುದು. ಕೊರೆಯಲು ಸುಲಭವಾಗಲಿ ಎಂದು ಹಿತ್ತಾಳೆಗೆ ಸೀಸ ಬೆರೆಸುವುದು ಹಳೆಯ ಪದ್ಧತಿ. ಥ್ರೆಡ್‌ಗೆ ದಾರ ಸುತ್ತಿ ಬಳಿಯುವ ಸಫೇದ ಇನ್ನೊಂದು ಮೂಲ. ಸಾಂಪ್ರದಾಯಿಕ ಸಫೇದ ಎಂದರೆ ಸೀಸದ ಕಾರ್ಬೊನೇಟ್. ಕುಡಿಯುವ ನೀರಿನ ಲೈನಿನಲ್ಲಿ ಅದು ಬೇಡವೇ ಬೇಡ. ಟೆಫ್ಲಾನ್ ಟೇಪ್ ಸಾಕು.

ಪತ್ತೆಗೆ ಪ್ರಯೋಗಾಲಯವೇ ಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸೀಸದ ಪರೀಕ್ಷೆ ಕೇಳಿ, ಬಾಟಲಿ ಅವರಿಂದಲೇ ತನ್ನಿ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರ ಪ್ರಕಾರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅವರ ವಿಧಾನ 0.005ಕ್ಕಿಂತ ಕೆಳಗೂ ಅಳೆಯಬಲ್ಲದೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ವರದಿಯಲ್ಲಿ ಪತ್ತೆಯಾಗಿಲ್ಲ ಎಂದು ಬರೆದದ್ದಕ್ಕೆ ಅರ್ಥವಿರುವುದಿಲ್ಲ.

ಮಾದರಿ ಹಿಡಿಯುವ ಕ್ರಮ: ರಾತ್ರಿ ಮಲಗುವ ಮುಂಚೆ ಆ ನಲ್ಲಿ ಬಳಸುವುದನ್ನು ನಿಲ್ಲಿಸಿ. ಕನಿಷ್ಠ 6 ಗಂಟೆ ಆ ಲೈನಿನಲ್ಲಿ ಯಾರೂ ನೀರು ತಿರುಗಿಸಬಾರದು, ಫ್ಲಶ್ ಕೂಡ. ಬೆಳಿಗ್ಗೆ ಜಾಲರಿ ಬಿಚ್ಚದೆ, ಮಾಮೂಲಿ ರಭಸದಲ್ಲಿ ಮೊದಲ 250 ಮಿಲಿಲೀಟರ್ ಒಂದು ಬಾಟಲಿಗೆ, ಮುಂದಿನ 750 ಮಿಲಿಲೀಟರ್ ಇನ್ನೊಂದಕ್ಕೆ ಹಿಡಿಯಿರಿ. ಆಮೇಲೆ ಲೆಕ್ಕದ ಮೂರು ಪಟ್ಟು ಬಿಟ್ಟು ಮೂರನೆಯದು. ಟ್ಯಾಂಕಿನ ನೀರು ನಾಲ್ಕನೆಯದು. ಪ್ಯೂರಿಫೈಯರ್ ನೀರು ಬೆರೆಸಬೇಡಿ.

ಮೊದಲ 250ರಲ್ಲಿ ಮಾತ್ರ ಹೆಚ್ಚಿದ್ದರೆ ನಲ್ಲಿ ಬದಲಿಸಿ, ಖರ್ಚು ಅಲ್ಲಿಗೇ ಮುಗಿಯುತ್ತದೆ. 750ರಲ್ಲಿ ಹೆಚ್ಚಿದ್ದರೆ ಕನೆಕ್ಷನ್ ಪೈಪ್, ಆಂಗಲ್ ವಾಲ್ವ್, ಗೋಡೆಯೊಳಗಿನ ಹಿತ್ತಾಳೆ ಎಲ್ಬೋ, ಹತ್ತಿರದ ಪೈಪ್. ಬಿಟ್ಟ ಮೇಲೂ ಹೆಚ್ಚಿದ್ದು ಟ್ಯಾಂಕಿನಲ್ಲಿ ಇಲ್ಲದಿದ್ದರೆ ಆಗ ಮಾತ್ರ ಪೂರ್ತಿ ಲೈನ್ ಬದಲಿಸುವ ಮಾತು. ಟ್ಯಾಂಕಿನಲ್ಲೇ ಇದ್ದರೆ ಮೇಲೆ ಹೋಗುವ ಪೈಪ್, ಬೋರ್‌ವೆಲ್ ಒಳಗಿಂದ ನೀರು ಮೇಲೆತ್ತುವ ಹಳೆಯ ಕಾಲಮ್ ಪೈಪ್ ನೋಡಬೇಕು.

ಅಲ್ಲಿಯವರೆಗೆ ಬೆಳಿಗ್ಗೆಯ ಮೊದಲ ನೀರನ್ನು ಕುಡಿಯಬೇಡಿ, ಅಡುಗೆಗೆ ಬಿಸಿನೀರಿನ ನಲ್ಲಿ ತಿರುಗಿಸಬೇಡಿ. ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗಿ ಪ್ರಮಾಣ ಇನ್ನಷ್ಟು ಏರುತ್ತದೆ. ಸರಿಯಾಗಿ ಕೆಲಸ ಮಾಡುವ ಆರ್‌ಒ ಸೀಸವನ್ನು ಬಹುಪಾಲು ತಡೆಯುತ್ತದೆ, ಯುವಿ ಮಾತ್ರ ಇರುವ ಯಂತ್ರ ತಡೆಯದು.

ಪಿವಿಸಿಯ ಮೂಲವಸ್ತುವಾದ, ಕ್ಯಾನ್ಸರ್ ತರಬಲ್ಲ ವಿನೈಲ್ ಕ್ಲೋರೈಡ್ ಬಗ್ಗೆಯೂ ಅನೇಕರಿಗೆ ಭಯವಿದೆ. ಅಮೆರಿಕದಲ್ಲಿ ತೊಂದರೆ ಕಂಡದ್ದು ಮುಖ್ಯವಾಗಿ 1977ಕ್ಕೆ ಮುಂಚೆ ತಯಾರಾದ ಪಿವಿಸಿ ಪೈಪುಗಳಲ್ಲಿ, ಅದೂ ನೀರು ದಿನಗಟ್ಟಲೆ ನಿಲ್ಲುವ ಲೈನಿನ ತುದಿಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 0.3 ಮೈಕ್ರೋಗ್ರಾಂ. ಹೆಸರಿಲ್ಲದ ಅಗ್ಗದ ಪೈಪ್ ಹಾಕಿದವರು ಇದನ್ನೂ ಪರೀಕ್ಷೆಗೆ ಸೇರಿಸಬಹುದು. ಉಳಿದವರು ಸೀಸಕ್ಕೆ ಹಣ ಖರ್ಚು ಮಾಡುವುದು ಹೆಚ್ಚು ಉಪಯುಕ್ತ.

ಪೈಪಿನ ಮೇಲಿನ ಬರಹ ಓದುವುದು

ಟೆರೇಸ್, ಶಾಫ್ಟ್, ಸಂಪಿನ ಬಳಿ ಕಾಣುವ ಪೈಪಿನ ಮೇಲೆ ಮುದ್ರಿಸಿದ ಸಾಲು ಹುಡುಕಿ. ಐಎಸ್ 4985 ಎಂದಿದ್ದರೆ ಕುಡಿಯುವ ನೀರಿನ ಯುಪಿವಿಸಿ. ಐಎಸ್ 15778 ಬಿಸಿ ಮತ್ತು ತಣ್ಣೀರಿನ ಸಿಪಿವಿಸಿ. ಐಎಸ್ 4984 ಎಚ್‌ಡಿಪಿಇ, ಐಎಸ್ 15801 ಪಿಪಿಆರ್. ಐಎಸ್ 13592 ಎಂದಿದ್ದರೆ ಅದು ಶೌಚ ಮತ್ತು ಕೊಳೆನೀರಿನ ಪೈಪ್. ಟ್ಯಾಂಕಿಗೆ ದೊಡ್ಡ ಗಾತ್ರದ ಔಟ್‌ಲೆಟ್ ಬೇಕೆಂದು ಅದನ್ನೇ ಹಾಕಿಬಿಡುವುದುಂಟು. ಅದನ್ನು ತಯಾರಿಸಿದ್ದು ಕುಡಿಯುವ ನೀರಿಗಲ್ಲ, ಬದಲಿಸಿ. ವೈರಿಂಗ್‌ನ ಕಂಡ್ಯೂಟ್ ಪೈಪನ್ನು ನೀರಿಗೆ ಬಳಸಿದ್ದರೂ ಇದೇ ಉತ್ತರ. ಬರಹವೇ ಇಲ್ಲದ, ಗಬ್ಬು ವಾಸನೆಯ ಕಪ್ಪು ಪೈಪ್ ಮರುಬಳಕೆಯ ಪ್ಲಾಸ್ಟಿಕ್ ಆಗಿರುವ ಸಾಧ್ಯತೆ ಹೆಚ್ಚು, ಹೊಲಕ್ಕೂ ತೋಟಕ್ಕೂ ಇರಲಿ. ಟ್ಯಾಂಕಿನ ಮೇಲೆ ಐಎಸ್ 12701 ಇರಬೇಕು.

ಐಎಸ್‌ಐ ಗುರುತಿನ ಬಳಿ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿಗೆ ಪಡೆದದ್ದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ಹಣ ಕೊಡುವ ಮುಂಚೆಯೇ ನೋಡಿ.

ಶಾಖ

ಐಎಸ್ 4985ರ ಯುಪಿವಿಸಿ 45 ಡಿಗ್ರಿ ಸೆಲ್ಸಿಯಸ್‌ವರೆಗಿನ ನೀರಿಗೆ. ಸಿಪಿವಿಸಿ ಅದಕ್ಕಿಂತ ಬಹಳ ಹೆಚ್ಚು, 80 ಡಿಗ್ರಿಯ ಆಸುಪಾಸಿನವರೆಗೂ ಒತ್ತಡ ತಡೆಯುತ್ತದೆ. ಎರಡೂ ಬಿಳಿಚಾಗಿಯೇ ಕಾಣುವುದರಿಂದ ಮಿಶ್ರವಾಗಿ ಹಾಕುವುದುಂಟು. ತಣ್ಣೀರಿನ ಲೈನಿಗೆ ಯುಪಿವಿಸಿ ಇರುವ ಮನೆಯಲ್ಲಿ ಗೀಸರ್ ಕಾದು, ನಲ್ಲಿ ಬಳಸದೆ ಅರ್ಧ ಗಂಟೆ ಬಿಟ್ಟು, ಗೀಸರ್‌ಗೆ ತಣ್ಣೀರು ಒಳಬರುವ ಪೈಪನ್ನು ಮುಟ್ಟಿ ನೋಡಿ. ಒಂದಡಿ ದೂರದಲ್ಲೂ ಬಿಸಿ ಇದ್ದರೆ ಬಿಸಿನೀರು ಹಿಂದಕ್ಕೆ ಬರುತ್ತಿದೆ, ಅದನ್ನು ತಡೆಯುವ ನಾನ್ ರಿಟರ್ನ್ ವಾಲ್ವ್ ಕೆಟ್ಟಿದೆ ಅಥವಾ ಹಾಕಿಯೇ ಇಲ್ಲ. ವಾಲ್ವ್ ಬದಲಿಸಿ, ಗೀಸರ್ ಕಡೆಯ ಕನಿಷ್ಠ ಒಂದು ಮೀಟರ್ ಪೈಪನ್ನು ಸಿಪಿವಿಸಿ ಅಥವಾ ಲೋಹಕ್ಕೆ ಬದಲಿಸಿ. ನಾನ್ ರಿಟರ್ನ್ ವಾಲ್ವ್ ಇದ್ದ ಮೇಲೆ ಕಾದು ಹಿಗ್ಗುವ ನೀರಿಗೆ ಹಿಂದೆ ದಾರಿ ಇರುವುದಿಲ್ಲ, ಆದ್ದರಿಂದ ಗೀಸರ್‌ನ ಸೇಫ್ಟಿ ವಾಲ್ವ್ ಕೆಲಸ ಮಾಡಲೇಬೇಕು. ಎರಡನ್ನೂ ಒಟ್ಟಿಗೆ ಪರೀಕ್ಷಿಸಿ.

ಸೋಲಾರ್ ಇದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಮನೆಯವರು ಊರಿಗೆ ಹೋಗಿ ಬಿಸಿನೀರು ಬಳಸದೆ ಉಳಿದರೆ ತೊಟ್ಟಿಯ ನೀರು ಸಿಪಿವಿಸಿಯ ಮಿತಿಯನ್ನೂ ಮುಟ್ಟಬಹುದು. ತೊಟ್ಟಿಯಿಂದ ಹೊರಡುವ ಮೊದಲ ಒಂದು ಮೀಟರ್ ಲೋಹದ್ದಾಗಿರಲಿ, ಮೇಲಿನ ಏರ್ ವೆಂಟ್ ಮುಚ್ಚಿರಬಾರದು.

ಕೊಳೆನೀರು ಒಳಗೆಳೆದುಕೊಳ್ಳುವುದು

ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಇದೇ ದೊಡ್ಡ ಅಪಾಯ, ಪ್ಲಾಸ್ಟಿಕ್ಕಿನ ರಸಾಯನಕ್ಕಿಂತ ಎಷ್ಟೋ ಪಾಲು ದೊಡ್ಡದು. ನೀರು ನಿಂತಾಗ ಲೈನಿನ ಒತ್ತಡ ಸೊನ್ನೆಗಿಳಿಯುತ್ತದೆ, ಬಿರುಕು ಬಿಟ್ಟ ಜಾಯಿಂಟ್ ಸುತ್ತಲಿನ ಕೊಳೆಯನ್ನು ಒಳಗೆ ಬಿಡುತ್ತದೆ. ಬೀದಿ ಲೈನಿಗೆ ನೇರವಾಗಿ ಮೋಟಾರ್ ಕೊಟ್ಟು ಎಳೆದರೆ ಇದು ಹಲವು ಪಟ್ಟು ಹೆಚ್ಚುತ್ತದೆ, ನಿಮ್ಮ ಮನೆಗೆ ಮಾತ್ರವಲ್ಲ, ಇಡೀ ಬೀದಿಗೆ. ಅದು ಕಾನೂನುಬಾಹಿರ ಕೂಡ.

ಮುನಿಸಿಪಲ್ ನೀರು ಬಂದ ದಿನ ಮೂಲದಲ್ಲಿ, ಸಂಪಿನಲ್ಲಿ, ಟ್ಯಾಂಕಿನಲ್ಲಿ, ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ನೋಡಿ. ಮೂಲದಲ್ಲಿ ಲೀಟರಿಗೆ 0.2 ಮಿಲಿಗ್ರಾಂಗಿಂತ ಹೆಚ್ಚಿದ್ದು, ಯಾವ ಹಂತದಲ್ಲಿ ಥಟ್ಟನೆ ಸೊನ್ನೆಗೆ ಬಿತ್ತೋ ಅಲ್ಲಿ ಕೊಳೆ ಸೇರುತ್ತಿರಬಹುದು. ಸಂಪಿನಲ್ಲೇ ಬಿದ್ದರೆ ಸಂಪು ಖಾಲಿ ಮಾಡಿ, ಚರಂಡಿ ಚೇಂಬರ್ ಕಡೆಯ ಗೋಡೆಯಲ್ಲಿ ತೇವ ಜಿನುಗುತ್ತಿದೆಯೇ ನೋಡಿ. ಒಂದು ನಲ್ಲಿಯಲ್ಲಿ ಮಾತ್ರ ಬಿದ್ದರೆ ಆ ಕವಲಿನಲ್ಲಿ ಬಳಸದೆ ಕ್ಯಾಪ್ ಹಾಕಿ ಬಿಟ್ಟ ತುಂಡುಗಳಿವೆಯೇ ಹುಡುಕಿ. ಮುಂದೆ ಬೇಕಾಗಬಹುದು ಎಂದು ಬಿಟ್ಟ ಎರಡು ಮೀಟರ್ ಪೈಪಿನಲ್ಲಿ ನೀರು ವರ್ಷಗಟ್ಟಲೆ ಕೊಳೆಯುತ್ತದೆ. ಅದನ್ನು ಟೀ ಬುಡದಲ್ಲೇ ಕತ್ತರಿಸಿ ಮುಚ್ಚಿಸಿ. ಬಾತ್‌ರೂಮಿನ ಹೆಲ್ತ್ ಫಾಸೆಟ್ ಬಕೆಟ್ ನೀರಿನಲ್ಲಿ ಮುಳುಗಿ ಬಿದ್ದಿದ್ದರೆ, ಟ್ಯಾಂಕ್ ಖಾಲಿಯಾದಾಗ ಆ ನೀರು ಲೈನಿಗೆ ಹಿಂದಕ್ಕೆ ಹೋಗಬಹುದು.

ದುರಸ್ತಿ, ಆಮೇಲಿನ ಶುದ್ಧೀಕರಣ

ಸಿಪಿವಿಸಿಗೆ ಸಿಪಿವಿಸಿ ಗಮ್, ಯುಪಿವಿಸಿಗೆ ಅದರದೇ. ಡಬ್ಬಿಯ ಮೇಲೆ ಕುಡಿಯುವ ನೀರಿಗೆ ಯೋಗ್ಯ ಎಂದು ಬರೆದಿರಬೇಕು, ತಾರೀಕು ಮುಗಿದಿರಬಾರದು. ಪೈಪನ್ನು ನೇರವಾಗಿ ಕತ್ತರಿಸಿ, ಒಳಗಿನ ಹೊರಗಿನ ಅಂಚಿನ ಹೊಟ್ಟನ್ನು ಕೆರೆದು, ಒಣಬಟ್ಟೆಯಿಂದ ಒರೆಸಿ. ಪೈಪಿನ ಹೊರಮೈಗೆ ಗಮ್ ಸಮನಾಗಿ, ಫಿಟ್ಟಿಂಗಿನ ಒಳಗೆ ತೆಳ್ಳಗೆ ಮಾತ್ರ. ಕಾಲು ಸುತ್ತು ತಿರುಗಿಸುತ್ತ ಕೊನೆಯವರೆಗೂ ತಳ್ಳಿ, 30 ಸೆಕೆಂಡ್ ಹಿಡಿದು, ಹೊರಗೆ ಉಬ್ಬಿದ್ದನ್ನು ಒರೆಸಿ. 24 ಗಂಟೆ ಬಿಟ್ಟು ನೀರು ಬಿಡಿ. ಅದೇ ಸಂಜೆ ನೀರು ಬೇಕೆಂದು ಅವಸರ ಮಾಡಿದ ಕಡೆಯೇ ಗಮ್ ವಾಸನೆಯ ದೂರು ಹೆಚ್ಚು.

ಕೆಲಸ ಮುಗಿದ ಮೇಲೆ ಜಾಲರಿಗಳನ್ನು ಬಿಚ್ಚಿ, ಪ್ರತಿ ನಲ್ಲಿಯಲ್ಲೂ ರಭಸವಾಗಿ ನೀರು ಬಿಟ್ಟು ಹೊಟ್ಟು ಹೊರಹಾಕಿ. ಆಮೇಲೆ ಶುದ್ಧೀಕರಣ. ಟ್ಯಾಂಕನ್ನು ತಿಕ್ಕಿ ತೊಳೆದು ತುಂಬಿಸಿ. 1000 ಲೀಟರಿಗೆ ಶೇ 25ರ ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರ್ 200 ಗ್ರಾಂ. ಇದು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಕೊಡುತ್ತದೆ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಬಕೆಟ್‌ನಲ್ಲಿ ಕದಡಿ, 20 ನಿಮಿಷ ಬಿಟ್ಟು ಮೇಲಿನ ತಿಳಿ ನೀರನ್ನಷ್ಟೇ ಟ್ಯಾಂಕಿಗೆ ಸುರಿಯಿರಿ. ಕೆಳಗಿನ ಸುಣ್ಣ ಹಾಕಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಯಾವ ಕಾರಣಕ್ಕೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಆರ್‌ಒ ಯಂತ್ರಕ್ಕೆ ಹೋಗುವ ವಾಲ್ವ್ ಮುಚ್ಚಿ, ಗೀಸರ್ ಸ್ವಿಚ್ ಆರಿಸಿ. ಒಂದೊಂದೇ ನಲ್ಲಿ ತಿರುಗಿಸಿ ಬ್ಲೀಚಿಂಗ್ ವಾಸನೆ ಬಂದ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಲ್ಲ ಖಾಲಿ ಮಾಡಿ, ಆ ನೀರನ್ನು ಗಿಡಕ್ಕೆ ಹಾಕಬೇಡಿ.

ಹೊಸ ನೀರು ತುಂಬಿಸಿ, ಕಡುವಾಸನೆ ಹೋಗಿ ಕ್ಲೋರಿನ್ ಮಾಮೂಲಿ ಮಟ್ಟಕ್ಕೆ ಇಳಿದ ಒಂದು ದಿನದ ನಂತರ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ. ಇದಕ್ಕೆ ಪ್ರಯೋಗಾಲಯ ಕೊಡುವ ಕ್ರಿಮಿರಹಿತ ಬಾಟಲಿಯೇ ಬೇಕು. ಅದರೊಳಗಿನ ಥಯೋಸಲ್ಫೇಟ್ ಪುಡಿಯನ್ನು ತೊಳೆದು ಹಾಕಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ದಾರಿಯಲ್ಲೇ ಕೊಂದು ಸುಳ್ಳು ಫಲಿತಾಂಶ ಬರದಂತೆ ಅದನ್ನು ಹಾಕಿರುತ್ತಾರೆ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು. ಇದ್ದರೆ ಕ್ಲೋರಿನ್ ಪ್ರಮಾಣ ಹೆಚ್ಚಿಸುತ್ತ ಕೂರದೆ, ಮತ್ತೆ ನಾಲ್ಕು ಕಡೆ ನೀರು ಹಿಡಿದು ಕೊಳೆ ಸೇರುವ ಜಾಗ ಹುಡುಕಿ.